ಗೋವಿನಜೋಳಕ್ಕೆ ಎಲೆ ಮೇಲೆ ಹೊಡೆಯುವ ಗೊಬ್ಬರ: ಇಳುವರಿ ಏರುತ್ತದಾ, ಕಾಳು ಸುಧಾರಿಸುತ್ತದಾ?

ಎರೆಹೊಲ (ರಾಣೆಬೆನ್ನೂರು ತಾಲ್ಲೂಕು) – ಜುಲೈ 12

ಎಲ್ಲರಿಗೂ ನಮಸ್ಕಾರ. ನಮ್ಮದು ನಾಲ್ಕು ಎಕರೆ ಎರೆ ಹೊಲ. ಜೂನ್ 14ಕ್ಕೆ ಗೋವಿನಜೋಳ (ಮೆಕ್ಕೆಜೋಳ) ಬಿತ್ತಿದ್ದೇವೆ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಎಂಟು ಇಂಚು. ಇವತ್ತಿಗೆ 28 ದಿನದ ಬೆಳೆ.

ಹೋದ ವರ್ಷದ ಒಂದು ವಿಷಯ ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ಎಲೆ ಮೇಲೆ ಮೂರು ಸಲ ಹೊಡೆದಿದ್ದೆ. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಶೇ 19 ಇರುವ 19:19:19 (ಅಂಗಡಿಯಲ್ಲಿ 19 ಆಲ್ ಅನ್ನುವುದು) ಎರಡು ಸಲ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಬಂದಾಗ ಸಾರಜನಕ, ಪೊಟ್ಯಾಷ್ ಇರುವ 13:0:45 ಒಂದು ಸಲ. ಜೊತೆಗೆ ಒಂದು ಟಾನಿಕ್. ಗೊಬ್ಬರ, ಗಮ್ಮು (ಹೊಡೆದದ್ದು ಎಲೆಗೆ ಅಂಟಿಕೊಳ್ಳಲು ಬೆರೆಸುವ ದ್ರವ), ಆಳಿನ ಕೂಲಿ ಎಲ್ಲಾ ಸೇರಿ ಎಕರೆಗೆ 2,800 ರೂಪಾಯಿ ಹೋಯಿತು. ಹೊಲ ಕಡು ಹಸಿರಾಗಿತ್ತು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ, ಏನು ಹೊಡೆದಿರಿ ಅಂತ ಕೇಳುತ್ತಿದ್ದರು. ಒಕ್ಕಣೆ ಮಾಡಿದಾಗ ಎಕರೆಗೆ 23 ಕ್ವಿಂಟಲ್ ಬಂತು. ಬದುವಿನ ಆಚೆ ನಮ್ಮ ದೊಡ್ಡಪ್ಪ ಏನೂ ಹೊಡೆಯದೆ 22 ಚಿಲ್ಲರೆ ತೆಗೆದರು. ಅದೇ ಬೀಜ, ಅದೇ ಮಣ್ಣು, ಅದೇ ಮಳೆ.

ಈ ವರ್ಷ ಹೊಲದ ತಗ್ಗಿನ ಕಡೆ ಹೊಸ ಎಲೆಗಳು ಬೆಳ್ಳಗೆ ಬರುತ್ತಿವೆ. ಅಂಗಡಿಯಲ್ಲಿ ಕೇಳಿದರೆ 19 ಆಲ್, ನ್ಯಾನೊ ಯೂರಿಯಾ, ಟಾನಿಕ್ ಮೂರೂ ಸೇರಿಸಿ ಹೊಡೆಯಿರಿ ಅಂದರು. ಅಪ್ಪ ಬೇಡ ಅನ್ನುತ್ತಾರೆ. ಬುಡಕ್ಕೆ ಯೂರಿಯಾ ಹಾಕಿದರೆ ಸಾಕು ಅನ್ನುವುದು ಅವರ ಮಾತು. ನಿಮ್ಮ ಅನುಭವ ಹೇಳಿ. ಹಸಿರಾಗಿದ್ದು ಬಿಡಿ, ಚೀಲಕ್ಕೆ ಎಷ್ಟು ಬಂತು ಅನ್ನುವುದು ನನಗೆ ಬೇಕು.

ಗೊಬ್ಬರದಂಗಡಿ (ಹಿರೇಕೆರೂರು) – ಜುಲೈ 12

ಅಣ್ಣ, ನಾನೇ ಅಂಗಡಿ ಇಟ್ಟುಕೊಂಡವನು, ಹಾಗಾಗಿ ನೇರ ಹೇಳುತ್ತೇನೆ. ನೀರಲ್ಲಿ ಕರಗುವ ಗೊಬ್ಬರ ಕೆಲಸ ಮಾಡುವುದಿಲ್ಲ ಅನ್ನುವುದು ತಪ್ಪು. ಹೊಡೆದ ನಾಲ್ಕೇ ದಿನಕ್ಕೆ ಬಣ್ಣ ತಿರುಗುತ್ತದೆ. ರೈತರು ಖುಷಿಯಿಂದ ಬಂದು ಮತ್ತೆ ಒಯ್ಯುತ್ತಾರೆ. ಕೆಲಸ ಮಾಡದಿದ್ದರೆ ವರ್ಷ ವರ್ಷ ಯಾಕೆ ಒಯ್ಯುತ್ತಿದ್ದರು? ಮಳೆ ಹಿಡಿದು ಬುಡಕ್ಕೆ ಗೊಬ್ಬರ ಹಾಕಲು ಆಗದಾಗ ಇದೊಂದೇ ದಾರಿ.

ಮಣ್ಣಿನ ಲೆಕ್ಕ (ಧಾರವಾಡ) – ಜುಲೈ 12

ನಾನು ಕೃಷಿ ಓದಿ ಮಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಇದು ನನ್ನ ಮನಸ್ಸಿಗೆ ಹತ್ತಿರದ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಗಿಡಕ್ಕೆ ಎರಡು ಥರದ ಹಸಿವು ಇದೆ. ಒಂದು ಕಿಲೋ ಲೆಕ್ಕದ್ದು, ಇನ್ನೊಂದು ಗ್ರಾಂ ಲೆಕ್ಕದ್ದು. ಎಕರೆಗೆ 25 ಕ್ವಿಂಟಲ್ ಕಾಳು ಬರಬೇಕಾದರೆ ಬೆಳೆ ಸುಮಾರು 50ರಿಂದ 60 ಕಿಲೋ ಸಾರಜನಕ ಎಳೆದುಕೊಳ್ಳುತ್ತದೆ. ನೀರಾವರಿ ಬೆಳೆಗೆ ಹೆಕ್ಟೇರಿಗೆ 150 ಕಿಲೋ ಸಾರಜನಕ ಅಂತ ಶಿಫಾರಸು ಇರುವುದು ಇದೇ ಕಾರಣಕ್ಕೆ. ಎಕರೆಗೆ ಅದು 60 ಕಿಲೋ ಆಗುತ್ತದೆ.

ಈಗ ಸಿಂಪಡಣೆಯ ಲೆಕ್ಕ ನೋಡೋಣ. ಒಂದು ಕಿಲೋ 19:19:19 ಪ್ಯಾಕೆಟ್ಟನ್ನು 200 ಲೀಟರ್ ನೀರಿಗೆ ಹಾಕಿ ಒಂದು ಎಕರೆಗೆ ಹೊಡೆಯುತ್ತೀರಿ. ಲೀಟರಿಗೆ 5 ಗ್ರಾಂ ಆಯಿತು. ಅದರಲ್ಲಿರುವ ಸಾರಜನಕ 190 ಗ್ರಾಂ. ಹೊಡೆದದ್ದೆಲ್ಲ ಎಲೆಯೊಳಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ. 60 ಕಿಲೋ ಬೇಕಾದಲ್ಲಿ 190 ಗ್ರಾಂ! ಯೂರಿಯಾವನ್ನೇ ಶೇ 2ರಂತೆ ಕರಗಿಸಿ ಹೊಡೆದರೆ ಎಕರೆಗೆ 4 ಕಿಲೋ ಯೂರಿಯಾ ಬೀಳುತ್ತದೆ, ಸಾರಜನಕ 1.84 ಕಿಲೋ. ಬೆಳೆಯ ಪೂರ್ತಿ ಹಸಿವು ತೀರಿಸಲು ಮೂವತ್ತಕ್ಕೂ ಹೆಚ್ಚು ಸಲ ಹೊಡೆಯಬೇಕು. ಅದಕ್ಕಿಂತ ಗಟ್ಟಿ ಮಾಡಿ ಹೊಡೆದರೆ ಎಲೆ ಸುಡುತ್ತದೆ. ಬುಡಕ್ಕೆ ಹಾಕುವ 45 ಕಿಲೋ ಯೂರಿಯಾ ಚೀಲ ಒಂದರಲ್ಲೇ 20.7 ಕಿಲೋ ಸಾರಜನಕ ಇದೆ. ಈ ವಿಷಯದಲ್ಲಿ ಎರೆಹೊಲದವರ ಅಪ್ಪ ಹೇಳಿದ್ದು ಸರಿ.

ಆದರೆ ಜಿಂಕ್ ಲೆಕ್ಕ ಬೇರೆ. 25 ಕ್ವಿಂಟಲ್ ಕಾಳಿನ ಬೆಳೆಗೆ, ಬೇರಿನಿಂದ ಸೂಲಂಗಿಯವರೆಗೆ, ಎಕರೆಗೆ ಬೇಕಾದ ಜಿಂಕ್ ಸುಮಾರು 100 ಗ್ರಾಂ ಅಷ್ಟೇ. ಜಿಂಕ್ ಸಲ್ಫೇಟ್‌ನಲ್ಲಿ ಶೇ 21 ಜಿಂಕ್ ಇರುತ್ತದೆ. ಅರ್ಧ ಕಿಲೋವನ್ನು 100 ಲೀಟರಿಗೆ ಹಾಕಿ ಒಂದು ಸಲ ಹೊಡೆದರೆ 105 ಗ್ರಾಂ ಜಿಂಕ್ ಬಿದ್ದ ಹಾಗಾಯಿತು. ಅಷ್ಟೂ ಒಳಗೆ ಹೋಗುವುದಿಲ್ಲ, ಅದಕ್ಕೇ ಎರಡು ಸಲ ಹೊಡೆಯುವುದು. ಎಲೆಯ ಬಾಯಿ ಚಿಕ್ಕದು. ಗ್ರಾಂ ಲೆಕ್ಕದ ಹಸಿವನ್ನು ಆ ಬಾಯಿಂದ ತೀರಿಸಬಹುದು. ಕಿಲೋ ಲೆಕ್ಕದ್ದು ಬೇರಿನಿಂದಲೇ ಆಗಬೇಕು.

ಅಂಗಡಿ ಅಣ್ಣ ಬಣ್ಣ ತಿರುಗುತ್ತದೆ ಅಂದದ್ದು ಸುಳ್ಳಲ್ಲ. ಸ್ವಲ್ಪ ಸಾರಜನಕ ಒಳಗೆ ಹೋದರೂ ಎಲೆ ಹಸಿರಾಗುತ್ತದೆ. ಆದರೆ ಗಿಡಕ್ಕೆ ಮೊದಲೇ ಸಾಕಷ್ಟು ಸಾರಜನಕ ಇದ್ದರೆ, ಆಮೇಲೆ ಬಂದ ಹಸಿರು ತೆನೆಗೆ ಒಂದು ಕಾಳನ್ನೂ ಸೇರಿಸುವುದಿಲ್ಲ. ಹೋದ ವರ್ಷ ಆಗಿದ್ದು ಅದೇ ಇರಬೇಕು.

ಭದ್ರಾ ನಾಲೆ (ದಾವಣಗೆರೆ) – ಜುಲೈ 13

ಲೆಕ್ಕ ಕಣ್ಣು ತೆರೆಸಿತು ಸರ್. ನ್ಯಾನೊ ಬಗ್ಗೆ ಏನು ಹೇಳುತ್ತೀರಿ? ನಮ್ಮ ಕಡೆ ಅರ್ಧ ಲೀಟರ್ ಬಾಟಲಿ ಒಂದು ಚೀಲ ಯೂರಿಯಾಕ್ಕೆ ಸಮ ಅಂತ ಹೇಳಿ ಹೇಳಿ ಕೊಡುತ್ತಾರೆ. ಯೂರಿಯಾ ಸಿಗದ ಸಮಯದಲ್ಲಂತೂ ಚೀಲದ ಜೊತೆ ಬಾಟಲಿ ತೆಗೆದುಕೊಳ್ಳಲೇಬೇಕು ಅನ್ನುತ್ತಾರೆ. ಹೋದ ವರ್ಷ ನಾನು ಎರಡನೇ ಮೇಲುಗೊಬ್ಬರ ಬಿಟ್ಟು ಬಾಟಲಿ ನಂಬಿದೆ. ತೆನೆ ತುದಿಯಲ್ಲಿ ಎರಡು ಇಂಚು ಬೋಳು. ಕೆಳಗಿನ ಎಲೆಗಳು ಸೂಲಂಗಿ ಬರುವ ಮೊದಲೇ ಒಣಗಿದವು.

ಮಣ್ಣಿನ ಲೆಕ್ಕ – ಜುಲೈ 13

ಅಣ್ಣ, ನಿಮ್ಮ ನಷ್ಟ ಕೇಳಿ ಬೇಜಾರಾಯಿತು. ನ್ಯಾನೊ ಯೂರಿಯಾ 2021ರಲ್ಲಿ ಬಂದಾಗ ಅದರಲ್ಲಿ ಶೇ 4 ಸಾರಜನಕ ಇತ್ತು. ಅರ್ಧ ಲೀಟರಿಗೆ 20 ಗ್ರಾಂ. ಆಮೇಲೆ ಬಂದ ಶೇ 20ರದ್ದನ್ನೇ ತೆಗೆದುಕೊಂಡರೂ 100 ಗ್ರಾಂ ಆಸುಪಾಸು. 20.7 ಕಿಲೋ ಎಲ್ಲಿ, ಇದೆಲ್ಲಿ? ಕಣ ಎಷ್ಟೇ ಸಣ್ಣದಾದರೂ ಕಾಳಿನೊಳಗೆ ಹೋಗಿ ಕೂರುವ ಸಾರಜನಕ ಎಲ್ಲಿಂದಲಾದರೂ ಬರಲೇಬೇಕಲ್ವಾ?

ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭತ್ತ ಮತ್ತು ಗೋಧಿಯಲ್ಲಿ ಎರಡು ವರ್ಷ ಇದನ್ನು ಪರೀಕ್ಷೆ ಮಾಡಿದರು. ಮಣ್ಣಿಗೆ ಹಾಕುವ ಸಾರಜನಕ ಕಡಿಮೆ ಮಾಡಿ ನ್ಯಾನೊ ಹೊಡೆದ ಕಡೆ, ಪೂರ್ತಿ ಗೊಬ್ಬರ ಹಾಕಿದ್ದಕ್ಕಿಂತ ಗೋಧಿ ಇಳುವರಿ ಶೇ 21.6, ಭತ್ತ ಶೇ 13 ಇಳಿಯಿತು. ಕಾಳಿನಲ್ಲಿರುವ ಸಾರಜನಕವೂ ಇಳಿಯಿತು. ಅಂದರೆ ಪ್ರೋಟೀನ್ ಕಡಿಮೆಯಾಯಿತು. ಅದು ಮೆಕ್ಕೆಜೋಳದ ಪರೀಕ್ಷೆ ಅಲ್ಲ, ನಿಜ. ಆದರೆ ಮೆಕ್ಕೆಜೋಳದ ಸಾರಜನಕದ ಹಸಿವೂ ಅಷ್ಟೇ ದೊಡ್ಡದು. ನಿಮ್ಮ ತೆನೆ ತುದಿ ಬೋಳಾದದ್ದನ್ನು ನೋಡಿದರೆ ಅದೇ ಕಥೆ ಅನ್ನಿಸುತ್ತದೆ.

ಎರೆಹೊಲ – ಜುಲೈ 13

ಸರ್, ನಮ್ಮ ಹೊಲದ ಎಲೆ ಹೇಗಿದೆ ಅಂತ ಸರಿಯಾಗಿ ನೋಡಿ ಬಂದೆ. ಕೆಳಗಿನ ಎಲೆಗಳು ಹಸಿರಾಗೇ ಇವೆ. ಸುಳಿಯಿಂದ ಬರುವ ಹೊಸ ಎಲೆಗಳಲ್ಲಿ, ಬುಡದ ಅರ್ಧ ಭಾಗದಲ್ಲಿ, ನಡುನರದ ಎರಡೂ ಕಡೆ ಬಿಳಿ ಪಟ್ಟಿ. ನರವೂ ಅಂಚೂ ಹಸಿರು. ಗಿಡ ಕುಳ್ಳಗಿದೆ. ವರ್ಷಾ ವರ್ಷಾ ಬಿತ್ತುವಾಗ ಎಕರೆಗೆ ಒಂದೂವರೆ ಚೀಲ ಡಿಎಪಿ (ರಂಜಕ ಹೆಚ್ಚಿರುವ ಗೊಬ್ಬರ) ಹಾಕುತ್ತೇವೆ.

ಮಣ್ಣಿನ ಲೆಕ್ಕ – ಜುಲೈ 13

ನೀವು ಬರೆದದ್ದು ಜಿಂಕ್ ಕೊರತೆಯ ಗುರುತು. ಎರೆ ಮಣ್ಣಿನಲ್ಲಿ ಸುಣ್ಣದ ಅಂಶ ಇದ್ದು ಪಿಎಚ್ 8 ದಾಟಿದರೆ, ಜಿಂಕ್ ಮಣ್ಣಿನಲ್ಲಿದ್ದರೂ ಬೇರಿಗೆ ಸಿಗುವುದಿಲ್ಲ. ಮೇಲಿಂದ ಪ್ರತಿ ವರ್ಷ ಡಿಎಪಿ ಸುರಿದರೆ ರಂಜಕ ಜಾಸ್ತಿಯಾಗಿ ಜಿಂಕ್ ಇನ್ನೂ ಕಡಿಮೆ ಸಿಗುತ್ತದೆ. ಮೋಡ, ತಂಪು, ತಗ್ಗಿನ ತೇವ ಇದ್ದಾಗ ಎಳೆ ಗಿಡದಲ್ಲಿ ಮೊದಲು ಕಾಣುತ್ತದೆ.

ಬೇರೆ ಗುರುತುಗಳನ್ನೂ ಹೇಳುತ್ತೇನೆ, ಯಾಕೆಂದರೆ ಎಲ್ಲ ಹಳದಿಯೂ ಒಂದೇ ಅಂದುಕೊಂಡು ಹೊಡೆಯುವುದರಿಂದಲೇ ದುಡ್ಡು ಹೋಗುವುದು. ಸಾರಜನಕ ಕಡಿಮೆ ಆದರೆ ಹಳೆಯ, ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಈಟಿಯ ಮೊನೆಯ ಹಾಗೆ ಹಳದಿಯಾಗುತ್ತಾ ಬರುತ್ತದೆ. ಪೊಟ್ಯಾಷ್ ಕಡಿಮೆ ಆದರೆ ಅದೇ ಕೆಳ ಎಲೆಯ ಅಂಚು ಸುಟ್ಟಂತೆ ಆಗುತ್ತದೆ, ನಡುವೆ ಹಸಿರಿರುತ್ತದೆ. ರಂಜಕಕ್ಕೆ ಎಳೆ ಗಿಡ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ಕಡಿಮೆ ಆದರೆ ಹೊಸ ಎಲೆಯ ಉದ್ದಕ್ಕೂ ನರಗಳ ನಡುವೆ ಹಳದಿ ಗೆರೆ ಬರುತ್ತವೆ. ಜಿಂಕ್‌ನ ಪಟ್ಟಿ ಅದಕ್ಕಿಂತ ಅಗಲ, ಬುಡದ ಕಡೆ ಜಾಸ್ತಿ. ಮೊದಲು ನೋಡಬೇಕಾದ್ದು ಒಂದೇ: ಹಳೆಯ ಎಲೆಯೋ, ಹೊಸ ಎಲೆಯೋ?

ನೀವು ಮಾಡಬೇಕಾದ್ದು ಹೀಗೆ. ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, ಅದರ ಅರ್ಧದಷ್ಟು, ಅಂದರೆ 2.5 ಗ್ರಾಂ ಸುಣ್ಣ. ಸುಣ್ಣವನ್ನು ಹಿಂದಿನ ರಾತ್ರಿ ನೆನೆಸಿ, ತಿಳಿ ನೀರನ್ನು ಬಟ್ಟೆಯಲ್ಲಿ ಸೋಸಿ ಬೆರೆಸಿ. ಜಿಂಕ್ ಸಲ್ಫೇಟ್ ಹುಳಿ ಗುಣದ್ದು, ಸುಣ್ಣ ಇಲ್ಲದಿದ್ದರೆ ಎಲೆ ಸುಡಬಹುದು. ಈಗ ಒಂದು ಸಲ, ಹತ್ತು ಹನ್ನೆರಡು ದಿನಕ್ಕೆ ಇನ್ನೊಂದು ಸಲ. ಬೆಳಗ್ಗೆ ಒಂಬತ್ತರ ಒಳಗೆ ಅಥವಾ ಸಂಜೆ ನಾಲ್ಕರ ಮೇಲೆ ಹೊಡೆಯಿರಿ. ಮೆಕ್ಕೆಜೋಳದ ಮೊದಲ ಐದಾರು ಎಲೆಗಳ ಮೇಲೆ ಮೇಣದ ಪದರ ಇರುತ್ತದೆ. ನೀರು ಮಣಿಯಾಗಿ ಉರುಳಿ ಬಿದ್ದುಹೋಗುತ್ತದೆ. ಹಾಗಾಗಿ ಗಮ್ಮು ಬೇಕು.

ಇನ್ನೊಂದು ಮಾತು, ಕೈ ಮುಗಿದು ಕೇಳುತ್ತೇನೆ. ಇಡೀ ಹೊಲಕ್ಕೆ ಹೊಡೆಯಬೇಡಿ. ಕೆಲವು ಸಾಲು ಏನೂ ಹೊಡೆಯದೆ ಬಿಡಿ, ಗೂಟ ನೆಡಿ. ಕೊಯ್ಲಿಗೆ ಬಂದಾಗ ಬೇರೆ ಬೇರೆ ತೂಗಿ. ದೊಡ್ಡಪ್ಪನ ಹೊಲದ ಜೊತೆ ಹೋಲಿಸಿದರೆ ಸರಿಯಾದ ಉತ್ತರ ಸಿಗುವುದಿಲ್ಲ. ಒಂದೇ ಹೊಲದೊಳಗೆ ಹೋಲಿಸಬೇಕು.

ಮುಸುಕಿನಜೋಳ (ಗುಂಡ್ಲುಪೇಟೆ) – ಜುಲೈ 14

ಬೆರೆಸುವ ವಿಷಯದಲ್ಲಿ ನನಗೆ ಆದದ್ದನ್ನು ಹೇಳಲೇಬೇಕು, ಬೇರೆಯವರಿಗೆ ಆಗಬಾರದು. ಮೂರು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹೇಳಿದ ಹಾಗೆ ಜಿಂಕ್ ಸಲ್ಫೇಟ್, 19 ಆಲ್, ಹುಳದ ಔಷಧಿ, ಗಮ್ಮು ನಾಲ್ಕನ್ನೂ ಒಂದೇ ಡ್ರಮ್ಮಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಮೊಸರು ಒಡೆದ ಹಾಗೆ ಬಿಳಿ ಗಸಿ ತಳಕ್ಕೆ ಕೂತಿತು. ನಾಝಲ್ ಕಟ್ಟಿಕೊಂಡಿತು. ಬಿಚ್ಚಿ ತೊಳೆದು, ಮತ್ತೆ ಹೊಡೆದು, ಬಿಸಿಲು ಏರಿ, ಹನ್ನೊಂದು ಗಂಟೆಗೆ ಹೊಡೆದ ಸಾಲಿನ ಸುಳಿ ಪೂರ್ತಿ ಸುಟ್ಟುಹೋಯಿತು. ಆಮೇಲೆ ಗೊತ್ತಾಯಿತು, ರಂಜಕ ಇರುವ ಗೊಬ್ಬರ ಮತ್ತು ಜಿಂಕ್ ಸಲ್ಫೇಟ್ ಸೇರಿದರೆ ಜಿಂಕ್ ಫಾಸ್ಫೇಟ್ ಆಗಿ ಗಟ್ಟಿಯಾಗುತ್ತದೆ. ಎರಡೂ ಗಿಡಕ್ಕೆ ಸಿಗುವುದಿಲ್ಲ.

ಆವತ್ತಿನಿಂದ ಮೊದಲು ಒಂದು ಬಕೆಟ್ಟಿನಲ್ಲಿ, ಹೊಡೆಯುವ ಅದೇ ಬೋರ್‌ವೆಲ್ ನೀರಲ್ಲಿ, ಅದೇ ಪ್ರಮಾಣದಲ್ಲಿ ಬೆರೆಸಿ ಅರ್ಧ ಗಂಟೆ ನೋಡುತ್ತೇನೆ. ಗಸಿ ಕೂತರೆ, ನೊರೆ ಬಂದರೆ, ಬಿಸಿಯಾದರೆ ಹೊಡೆಯುವುದಿಲ್ಲ.

ನಮ್ಮದು ಕೆಂಪು ಮಣ್ಣು, ಮಳೆ ನಂಬಿದ ಬೆಳೆ. ಸೂಲಂಗಿ ಹೊತ್ತಿಗೆ ಮಳೆ ಕೈಕೊಟ್ಟಾಗ 13:0:45 ಲೀಟರಿಗೆ 10 ಗ್ರಾಂ ಹೊಡೆದಿದ್ದೇನೆ. ಎಲೆ ಸುರುಳಿ ಸುತ್ತುವುದು ಸ್ವಲ್ಪ ಕಡಿಮೆಯಾಯಿತು. ಇಳುವರಿ ಉಳಿಯಿತಾ ಅಂತ ಹೇಳಲಾರೆ, ಯಾಕೆಂದರೆ ಎಲ್ಲ ಕಡೆ ಹೊಡೆದುಬಿಟ್ಟಿದ್ದೆ. ಗಡಿಯಾಚೆ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವರು ‘ಮೈಜ್ ಮ್ಯಾಕ್ಸಿಮ್’ ಅಂತ ಒಂದು ಪುಡಿ ಮಾಡಿದ್ದಾರೆ. ಸೂಲಂಗಿ ಬರುವಾಗ ಒಂದು ಸಲ, ಕಾಳು ತುಂಬುವಾಗ ಒಂದು ಸಲ, ಎಕರೆಗೆ 3 ಕಿಲೋದಂತೆ 200 ಲೀಟರಿಗೆ. ನಮ್ಮ ಊರಿನ ಇಬ್ಬರು ತಂದಿದ್ದರು. ಕಾಳು ತುದಿವರೆಗೂ ತುಂಬಿತ್ತು ಅನ್ನುತ್ತಾರೆ. ಅವರೂ ಸಾಲು ಬಿಟ್ಟು ತೂಗಿಲ್ಲ.

ಹೊಲದ ಅಕ್ಕ (ಶಿಗ್ಗಾಂವಿ) – ಜುಲೈ 27

ನಮ್ಮ ಕಡೆ ಹನ್ನೊಂದು ದಿನ ಬಿಡದೆ ಮಳೆ. ಒಂದೂವರೆ ಎಕರೆಯಲ್ಲಿ ನೀರು ನಿಂತು ಬೆಳೆ ಪೂರ್ತಿ ಹಳದಿ. ಎಡೆಕುಂಟೆ ಹೊಡೆಯಲು, ಬುಡಕ್ಕೆ ಗೊಬ್ಬರ ಹಾಕಲು ಕಾಲಿಡುವ ಹಾಗಿಲ್ಲ. ಈಗಲಾದರೂ ಎಲೆ ಮೇಲೆ ಹೊಡೆಯಬಹುದಾ?

ಮಣ್ಣಿನ ಲೆಕ್ಕ – ಜುಲೈ 27

ಹೊಡೆಯಬಹುದು ಅಕ್ಕಾ. ಎಲೆ ಮೇಲಿನ ಗೊಬ್ಬರಕ್ಕೆ ನಿಜವಾದ ಕೆಲಸ ಇರುವ ಹೊತ್ತು ಇದು. ನೀರು ನಿಂತರೆ ಬೇರಿಗೆ ಉಸಿರಿಲ್ಲ. ಮಣ್ಣಿನಲ್ಲಿದ್ದ ಸಾರಜನಕದಲ್ಲೂ ಒಂದಷ್ಟು ಗಾಳಿಗೆ ಹೋಗುತ್ತದೆ, ಒಂದಷ್ಟು ಬಸಿದುಹೋಗುತ್ತದೆ. ಮೊದಲು ನೀರು ಹೋಗಲು ಸಣ್ಣ ಕಾಲುವೆ ತೆಗೆಯಿರಿ. ಮಳೆ ಬಿಟ್ಟ ದಿನ 19:19:19 ಲೀಟರಿಗೆ 5 ಗ್ರಾಂ ಅಥವಾ ಯೂರಿಯಾ ಲೀಟರಿಗೆ 20 ಗ್ರಾಂ ಹೊಡೆಯಿರಿ. ಅದು ಗಿಡವನ್ನು ಒಂದು ವಾರ ಹಿಡಿದು ನಿಲ್ಲಿಸುತ್ತದೆ. ಹೊಲ ಕಾಲು ಹಿಡಿದ ಕೂಡಲೇ ಬುಡಕ್ಕೆ ಮೇಲುಗೊಬ್ಬರ ಹಾಕಲೇಬೇಕು. ಎಲೆ ಹಸಿರಾಯಿತು ಅಂತ ಅದನ್ನು ಬಿಡಬೇಡಿ.

ಹೊಲದ ಅಕ್ಕ – ಆಗಸ್ಟ್ 9

ಹೇಳಿದ ಹಾಗೆ ಮಾಡಿದೆ, ಬೆಳೆ ಎದ್ದು ಕೂತಿದೆ. ಎಂಟು ದಿನಕ್ಕೆ ಬುಡಕ್ಕೆ ಯೂರಿಯಾವನ್ನೂ ಹಾಕಿದೆ. ನಿಮಗೆ ಪುಣ್ಯ ಬರಲಿ ತಮ್ಮಾ.

ಒಂದು ವಿಷಯ ಗಮನಿಸಿದೆ, ಹೇಳುತ್ತೇನೆ. ಲದ್ದಿಹುಳಕ್ಕೆ ಔಷಧಿ ಹೊಡೆಯುವಾಗ ಎಲ್ಲರೂ ಜೊತೆಗೆ 19 ಆಲ್ ಹಾಕುತ್ತಾರೆ. ನಾವೂ ಹಾಗೇ ಮಾಡುತ್ತಿದ್ದೆವು. ಆಮೇಲೆ ಬೆಳೆ ಚೆನ್ನಾಗಿ ಬಂದರೆ ಗೊಬ್ಬರದಿಂದ ಬಂತು ಅನ್ನುತ್ತೇವೆ. ಹುಳ ಸತ್ತದ್ದರಿಂದ ಬಂದದ್ದೂ ಇರಬಹುದಲ್ವಾ?

ಮಣ್ಣಿನ ಲೆಕ್ಕ – ಆಗಸ್ಟ್ 9

ಅಕ್ಕಾ, ನೀವು ಹೇಳಿದ ಈ ಮಾತು ನಾನು ಬರೆದ ಲೆಕ್ಕಕ್ಕಿಂತ ದೊಡ್ಡದು. ಫಾಲ್ ಆರ್ಮಿವರ್ಮ್ ಲದ್ದಿಹುಳ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ. ಅಲ್ಲಿಂದ ಈಚೆಗೆ ಎಲ್ಲರೂ ಸುಳಿಗೆ ಎಮಾಮೆಕ್ಟಿನ್ ಎಂಬ ಹುಳದ ಔಷಧಿ ಹೊಡೆಯುತ್ತಾರೆ, ಜೊತೆಗೆ ಗೊಬ್ಬರ ಬೆರೆಸುತ್ತಾರೆ. ಹುಳ ಸತ್ತರೆ ಎಲೆ ಉಳಿಯುತ್ತದೆ, ಎಲೆ ಉಳಿದರೆ ಕಾಳು ತುಂಬುತ್ತದೆ. ಹೆಸರು ಮಾತ್ರ ಗೊಬ್ಬರಕ್ಕೆ ಹೋಗುತ್ತದೆ. ಹೊಡೆಯುವ ರೀತಿಯೂ ಬೇರೆ. ಹುಳಕ್ಕೆ ಸುಳಿಯೊಳಗೆ ಇಳಿಯುವ ಹಾಗೆ ಹೊಡೆಯಬೇಕು. ಗೊಬ್ಬರ ಎಲೆಯ ಮೇಲೆ ತೆಳುವಾಗಿ ಹರಡಬೇಕು. ಸುಳಿಯಲ್ಲಿ ಉಪ್ಪಿನ ನೀರು ನಿಂತರೆ ಸುಡುತ್ತದೆ. ಜಿಂಕ್‌ಗೆ ಸುಣ್ಣ ಹಾಕಿದ ನೀರಿನಲ್ಲಂತೂ ಹುಳದ ಔಷಧಿ ಬೆರೆಸಲೇಬೇಡಿ.

ಭದ್ರಾ ನಾಲೆ – ಆಗಸ್ಟ್ 10

ಡ್ರೋನ್‌ನವರು ಊರಿಗೆ ಬಂದಿದ್ದಾರೆ. ಎಕರೆಗೆ ಹತ್ತೇ ಲೀಟರ್ ನೀರು, ಹತ್ತು ನಿಮಿಷದ ಕೆಲಸ. 19 ಆಲ್ ಒಂದು ಕಿಲೋ ಹಾಕಿಸಬಹುದಾ?

ಮಣ್ಣಿನ ಲೆಕ್ಕ – ಆಗಸ್ಟ್ 10

ಹತ್ತು ಲೀಟರಿಗೆ ಒಂದು ಕಿಲೋ ಅಂದರೆ ಶೇ 10. ಪಂಪಿನಲ್ಲಿ ಹೊಡೆಯುವುದಕ್ಕಿಂತ ಇಪ್ಪತ್ತು ಪಟ್ಟು ಗಟ್ಟಿ. ಹನಿ ಕೂತಲ್ಲೆಲ್ಲ ಚುಕ್ಕೆ ಸುಡುವ ಅಪಾಯ ಇದೆ. ಬೆಳೆ ಎದೆಮಟ್ಟ ಆದಮೇಲೆ ಒಳಗೆ ಹೋಗಲು ಕಷ್ಟ, ಹುಳದ ಔಷಧಿಗೆ ಡ್ರೋನ್ ಅನುಕೂಲ. ಗೊಬ್ಬರಕ್ಕೆ ಮೊದಲು ಎರಡು ಗುಂಟೆಯಲ್ಲಿ ಹೊಡೆಸಿ, ಮೂರು ದಿನ ಬಿಟ್ಟು ನೋಡಿ.

ಫೀಡ್ ಖರೀದಿ (ದಾವಣಗೆರೆ) – ಸೆಪ್ಟೆಂಬರ್ 3

ಇಲ್ಲಿವರೆಗೆ ಇಳುವರಿ ಮಾತಾಯಿತು. ಕಾಳಿನ ಗುಣದ ಬಗ್ಗೆ ನಾನು ಹೇಳುತ್ತೇನೆ. ಹದಿನೈದು ವರ್ಷದಿಂದ ಕೋಳಿ ಆಹಾರಕ್ಕೆ ಮೆಕ್ಕೆಜೋಳ ಖರೀದಿಸುವ ಕೆಲಸ ನನ್ನದು. ನಾನು ಲೋಡಿಗೆ ಕೈ ಹಾಕಿದಾಗ ನೋಡುವುದು ತೇವ, ಬೂಸ್ಟು, ಒಡಕು ಕಾಳು, ಕಸ. ತೇವ ಶೇ 14ರ ಮೇಲಿದ್ದರೆ ದರ ಇಳಿಯುತ್ತದೆ. ಬೂಸ್ಟು ಕಂಡರೆ ಅಫ್ಲಾಟಾಕ್ಸಿನ್ ಪರೀಕ್ಷೆ. ಆ ವಿಷ ಕೋಳಿಯ ಪಿತ್ತಜನಕಾಂಗ ಹಾಳು ಮಾಡುತ್ತದೆ, ಅದಕ್ಕೆ ನಾವು ಬಹಳ ಹೆದರುತ್ತೇವೆ.

ಎಷ್ಟೋ ರೈತರು ಬಂದು, ಸರ್ ನಾನು ಪೊಟ್ಯಾಷ್ ಹೊಡೆದಿದ್ದೇನೆ, ಕಾಳು ಹೊಳೆಯುತ್ತಿದೆ, ನೂರು ರೂಪಾಯಿ ಜಾಸ್ತಿ ಕೊಡಿ ಅನ್ನುತ್ತಾರೆ. ಹೊಳಪಿಗೆ ನಾವು ದರ ಕೊಡುವುದಿಲ್ಲ. ಮೆಕ್ಕೆಜೋಳದಲ್ಲಿ ಪ್ರೋಟೀನ್ ಶೇ 8ರಿಂದ 10. ಬುಡಕ್ಕೆ ಸರಿಯಾಗಿ ಸಾರಜನಕ ಸಿಕ್ಕ ಬೆಳೆಯಲ್ಲಿ ಅದು ಮೇಲಿನ ತುದಿಗೆ ಇರುತ್ತದೆ, ಸಿಗದಿದ್ದರೆ ಕೆಳಗೆ. ತೆನೆಯಲ್ಲಿ ರೇಷ್ಮೆ (ಕೂದಲು) ಬರುವ ಹೊತ್ತಿಗೆ ಸಿಕ್ಕ ಸಾರಜನಕದಿಂದ ಪ್ರೋಟೀನ್ ಸ್ವಲ್ಪ ಏರಬಹುದು. ಆದರೆ ಹಾಗೆ ಏರುವುದು ಹೆಚ್ಚಾಗಿ ಝೀನ್ ಎಂಬ ಪ್ರೋಟೀನ್. ಅದರಲ್ಲಿ ಲೈಸಿನ್, ಟ್ರಿಪ್ಟೊಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನಾವು ಹೇಗಿದ್ದರೂ ಸೋಯಾ ಹಿಂಡಿ ಸೇರಿಸಲೇಬೇಕು.

ನನ್ನ ಕೋರಿಕೆ ಇಷ್ಟು. ಕಾಳಿನ ಗುಣಕ್ಕೆ ಅಂತ ದುಡ್ಡು ಖರ್ಚು ಮಾಡುವುದಿದ್ದರೆ ಟಾರ್ಪಾಲಿನ್ ಕೊಳ್ಳಿ. ಕಾಳಿನ ಬುಡದಲ್ಲಿ ಕಪ್ಪು ಚುಕ್ಕೆ ಕಂಡಾಗ ಕಾಳು ಬಲಿತಿರುತ್ತದೆ. ಆದರೆ ಆಗಲೂ ತೇವ ಶೇ 30ರ ಮೇಲಿರುತ್ತದೆ. ರಸ್ತೆ ಬದಿಯಲ್ಲಿ ರಾಶಿ ಹಾಕಿ ಒಂದು ಮಳೆ ಬಿದ್ದರೆ, ನೀವು ಹೊಡೆದ ಯಾವ ಗೊಬ್ಬರವೂ ಆ ಕಾಳನ್ನು ಉಳಿಸುವುದಿಲ್ಲ.

ಹೊಲದ ಅಕ್ಕ – ಸೆಪ್ಟೆಂಬರ್ 3

ಅಣ್ಣಾ, ನಾವು ಮನೆಯಲ್ಲಿ ಗೋವಿನಜೋಳದ ರೊಟ್ಟಿ, ನುಚ್ಚು ತಿನ್ನುವವರು. ಜಿಂಕ್ ಹೊಡೆದರೆ ಕಾಳಿಗೂ ಬರುತ್ತದಾ? ಅಂಗನವಾಡಿಯಲ್ಲಿ ಮಕ್ಕಳಿಗೆ ಜಿಂಕ್ ಬೇಕು ಅಂತ ಹೇಳುತ್ತಿದ್ದರು.

ಮಣ್ಣಿನ ಲೆಕ್ಕ – ಸೆಪ್ಟೆಂಬರ್ 4

ಬರುತ್ತದೆ ಅಕ್ಕಾ, ಆದರೆ ಗೋಧಿಯಷ್ಟು ಅಲ್ಲ. ಗೋಧಿಯಲ್ಲಿ ಎಲೆ ಮೇಲೆ ಹೊಡೆದ ಜಿಂಕ್ ಕಾಳಿಗೆ ಚೆನ್ನಾಗಿ ಹರಿಯುತ್ತದೆ. ಮೆಕ್ಕೆಜೋಳದಲ್ಲಿ ಏರಿಕೆ ಕಡಿಮೆ. ಕಾಳಿಗಾಗಿಯೇ ಹೊಡೆಯುವುದಾದರೆ ರೇಷ್ಮೆ ಬಂದ ಮೇಲೆ, ಕಾಳು ಹಾಲು ಕಟ್ಟುವ ಹೊತ್ತಿಗೆ ಹೊಡೆಯಬೇಕು. ಇಳುವರಿಗೆ ಹೊಡೆಯುವುದು ಎಳೆ ಗಿಡಕ್ಕೆ. ಎರಡೂ ಬೇರೆ ಕೆಲಸ. ಕಾಳಿನ ಕಣ್ಣಿನ (ಮೊಳಕೆ ಬರುವ) ಭಾಗದಲ್ಲೇ ಜಿಂಕ್ ದಟ್ಟವಾಗಿ ಇರುವುದು. ಅದನ್ನು ತೆಗೆದು ಬೀಸಿದ ಹಿಟ್ಟಿಗಿಂತ ಮನೆಯಲ್ಲಿ ಇಡೀ ಕಾಳು ಬೀಸಿದ ಹಿಟ್ಟು ಒಳ್ಳೆಯದು.

ಎರೆಹೊಲ – ನವೆಂಬರ್ 2

ಇಷ್ಟು ದಿನ ಸುಮ್ಮನಿದ್ದದ್ದಕ್ಕೆ ಕ್ಷಮೆ ಇರಲಿ. ಕೊಯ್ಲು ಮುಗಿಸಿ, ತೂಗಿ, ಇವತ್ತು ಬರೆಯುತ್ತಿದ್ದೇನೆ.

ಜುಲೈ 14ಕ್ಕೆ ಗೂಟ ನೆಟ್ಟೆ. ನಾಲ್ಕು ಪಟ್ಟಿ, ಒಂದೊಂದು ಎಂಟು ಸಾಲು. ತಗ್ಗಿನ ಕಡೆ ಒಂದು ಸಲ, ಮೇಲಿನ ಕಡೆ ಇನ್ನೊಂದು ಸಲ, ಹೀಗೆ ಎರಡು ಕಡೆ. ಮೊದಲನೇ ಪಟ್ಟಿಗೆ ಏನೂ ಹೊಡೆಯಲಿಲ್ಲ. ಎರಡನೆಯದಕ್ಕೆ 19 ಆಲ್ ಎರಡು ಸಲ. ಮೂರನೆಯದಕ್ಕೆ ಜಿಂಕ್ ಸಲ್ಫೇಟ್ ಸುಣ್ಣದ ತಿಳಿ ಜೊತೆ ಎರಡು ಸಲ. ಈ ಮೂರಕ್ಕೂ ಬುಡಕ್ಕೆ ಮೇಲುಗೊಬ್ಬರ ಎರಡು ಕಂತಲ್ಲಿ ಒಂದೇ ಸಮ. ನಾಲ್ಕನೆಯದಕ್ಕೆ ಎರಡನೇ ಕಂತು ಯೂರಿಯಾ ಬಿಟ್ಟು ನ್ಯಾನೊ ಬಾಟಲಿ ಹೊಡೆದೆ. ಹುಳದ ಔಷಧಿ ಎಲ್ಲದಕ್ಕೂ ಬೇರೆ ದಿನ, ಒಂದೇ ಥರ.

ತೂಗಲು ಪ್ರತಿ ಪಟ್ಟಿಯ ನಡುವಿನ ನಾಲ್ಕು ಸಾಲು, ಹತ್ತು ಮೀಟರ್ ಉದ್ದ ಮುರಿದೆವು. 24 ಚದರ ಮೀಟರ್ ಆಯಿತು. ಕಾಳು ಬಿಡಿಸಿ, ಎಲ್ಲವನ್ನೂ ಒಂದೇ ಕಣದಲ್ಲಿ ಒಂದೇ ದಿನ ಒಣಗಿಸಿ ತೂಗಿದೆವು. ಅಪ್ಪನೇ ತಕ್ಕಡಿ ಹಿಡಿದರು. ಎರಡು ಕಡೆಯದರ ಸರಾಸರಿ ಹೀಗಿದೆ. ಏನೂ ಹೊಡೆಯದ್ದು 13.4 ಕಿಲೋ. 19 ಆಲ್ ಹೊಡೆದದ್ದು 13.6. ಜಿಂಕ್ ಹೊಡೆದದ್ದು 14.7. ಯೂರಿಯಾ ಬಿಟ್ಟು ಬಾಟಲಿ ನಂಬಿದ್ದು 11.6. ಎಕರೆಗೆ ಹಾಕಿದರೆ ಕ್ರಮವಾಗಿ 22.6, 22.9, 24.8, 19.6 ಕ್ವಿಂಟಲ್.

ಜಿಂಕ್ ಫಲ ಎರಡೂ ಕಡೆ ಒಂದೇ ಥರ ಬರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ತಗ್ಗಿನ ಕಡೆ, ಎಲೆಯಲ್ಲಿ ಬಿಳಿ ಪಟ್ಟಿ ಇದ್ದಲ್ಲಿ, ಏನೂ ಹೊಡೆಯದ್ದಕ್ಕಿಂತ 2.2 ಕಿಲೋ ಜಾಸ್ತಿ. ಮೇಲಿನ ಕಡೆ, ಗಿಡ ಮೊದಲೇ ಚೆನ್ನಾಗಿದ್ದಲ್ಲಿ, 0.4 ಕಿಲೋ ಅಷ್ಟೇ. ನೂರು ಕಾಳಿನ ತೂಕ ಏನೂ ಹೊಡೆಯದ್ದರಲ್ಲಿ 27.5 ಗ್ರಾಂ, ಜಿಂಕ್‌ನಲ್ಲಿ 28.2. ಅಂದರೆ ಕಾಳು ದಪ್ಪ ಆದದ್ದಕ್ಕಿಂತ ತೆನೆಯಲ್ಲಿ ಕಾಳಿನ ಸಂಖ್ಯೆ ಜಾಸ್ತಿ ಆದದ್ದು ಹೆಚ್ಚು. ಬಾಟಲಿ ಪಟ್ಟಿಯಲ್ಲಿ 25 ಗ್ರಾಂ. ಕಾಳು ಸಪೂರ, ತೆನೆ ತುದಿ ಬೋಳು. ಭದ್ರಾ ನಾಲೆ ಅಣ್ಣ ಹೇಳಿದ್ದೇ ನಮ್ಮಲ್ಲೂ ಆಯಿತು.

ಸರ್ಕಾರದ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲ್‌ಗೆ 2,400 ಇತ್ತು. ನನ್ನ ಕೈಗೆ ಬಂದದ್ದು 1,800. ಆ ದರದಲ್ಲೇ ಲೆಕ್ಕ ಹಾಕಿದರೆ, 19 ಆಲ್‌ನಿಂದ ಸಿಕ್ಕ 30 ಕಿಲೋಗೆ 540 ರೂಪಾಯಿ, ಖರ್ಚು 1,250. ಜಿಂಕ್‌ನಿಂದ ಸಿಕ್ಕ 2.2 ಕ್ವಿಂಟಲ್‌ಗೆ 3,960 ರೂಪಾಯಿ, ಕೂಲಿ ಸೇರಿ ಖರ್ಚು 900. ತಗ್ಗಿನ ಒಂದೂವರೆ ಎಕರೆಗೆ ಮಾತ್ರ ಹೊಡೆದಿದ್ದರೆ ಇನ್ನೂ ಉಳಿಯುತ್ತಿತ್ತು.

ಗೊಬ್ಬರದಂಗಡಿ – ನವೆಂಬರ್ 2

ಅಣ್ಣ, ನಿಮ್ಮ ಲೆಕ್ಕ ಎರಡು ಸಲ ಓದಿದೆ. ರೈತರು ಬಣ್ಣ ನೋಡಿ ಒಯ್ಯುತ್ತಾರೆ ಅಂತ ಜುಲೈನಲ್ಲಿ ಬರೆದಿದ್ದೆ. ಬಣ್ಣ ನೋಡಿ ನಾನೂ ನಂಬಿದ್ದೆ. ಮುಂದಿನ ಮುಂಗಾರಿಗೆ ಅಂಗಡಿಗೆ ಬಂದವರಿಗೆ ಹಳೆಯ ಎಲೆಯೋ ಹೊಸ ಎಲೆಯೋ ಅಂತ ಮೊದಲು ಕೇಳುತ್ತೇನೆ. ಜಿಂಕ್ ಸಲ್ಫೇಟ್ ಬಿತ್ತುವಾಗಲೇ ಮಣ್ಣಿಗೆ ಹಾಕಿಸುವುದು ಒಳ್ಳೆಯದಾ, ಎಲೆಗೆ ಹೊಡೆಸುವುದಾ?

ಮಣ್ಣಿನ ಲೆಕ್ಕ – ನವೆಂಬರ್ 3

ಮಣ್ಣಿಗೆ ಹಾಕುವುದು ಮೊದಲು ಅಣ್ಣ. ಎಕರೆಗೆ 10 ಕಿಲೋ, ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ, ಬಿತ್ತುವ ಮೊದಲು. ಡಿಎಪಿ ಜೊತೆ ಒಂದೇ ಬುಟ್ಟಿಯಲ್ಲಿ ಬೆರೆಸಬಾರದು. ಒಂದು ಸಲ ಹಾಕಿದ್ದು ಎರಡು ಮೂರು ಬೆಳೆಗೆ ಬರುತ್ತದೆ. ಬೆಳೆ ನಿಂತ ಮೇಲೆ ಬಿಳಿ ಪಟ್ಟಿ ಕಂಡರೆ ಮಾತ್ರ ಎಲೆಗೆ. ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ಜಿಂಕ್ 0.6 ಪಿಪಿಎಂಗಿಂತ (ಹತ್ತು ಲಕ್ಷ ಭಾಗದಲ್ಲಿ 0.6 ಭಾಗ) ಕಡಿಮೆ ಅಂತ ಬಂದರೆ ಹಾಕಬೇಕು, ಚೆನ್ನಾಗಿದ್ದರೆ ಬೇಡ.

ಎರೆಹೊಲ – ನವೆಂಬರ್ 3

ತಗ್ಗಿನ ಮಣ್ಣು ಒಂದು ಚೀಲ, ಮೇಲಿನ ಮಣ್ಣು ಒಂದು ಚೀಲ, ಬೇರೆ ಬೇರೆ ತೆಗೆದು ನೆರಳಲ್ಲಿ ಒಣಗಲು ಹಾಕಿದ್ದೇನೆ. ಸೋಮವಾರ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯುತ್ತೇನೆ. ಅಪ್ಪನೂ ಬರುತ್ತಾರಂತೆ. ವರದಿ ಬಂದ ದಿನ ಇಲ್ಲೇ ಹಾಕುತ್ತೇನೆ.